ಮರೆವಿನ ಕಾಯಿಲೆ ಲೋಟದಿಂದ ಅಂಟುವುದಿಲ್ಲ

ಉಡುಪಿಯ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಮೊನ್ನೆಯಿಂದ ಒಂದು ಮೆಸೇಜ್ ಓಡಾಡುತ್ತಿದೆ: "ಆಲ್ಝೈಮರ್ ಹರಡುವ ರೋಗ ಅಂತ ವಿಜ್ಞಾನಿಗಳೇ ಹೇಳಿದ್ದಾರೆ. ರೋಗಿಯ ತಟ್ಟೆ, ಲೋಟ ಬೇರೆ ಇಡಿ." ಇದು ತಪ್ಪು. ಕಡಿಯಾಳಿಯ ನೆಂಟರ ಮನೆಯಲ್ಲಿ ಅಜ್ಜಿಯ ಸ್ಟೀಲ್ ಲೋಟ ಆಗಲೇ ಹಿಂಬಾಗಿಲ ಕಿಟಕಿಗೆ ಹೋಗಿದೆ. ಗಂಜಿ ಊಟಕ್ಕೆ ಮೊಮ್ಮಗ ಅವರ ಪಕ್ಕ ಕೂರುವಂತಿಲ್ಲ. ಪಾಪ, ಅವರಿಗೆ ಏಕೆಂದೂ ತಿಳಿಯದು.

"ಹರಡುತ್ತದೆ" ಎಂಬ ಮಾತು ಪೂರಾ ಸುಳ್ಳೇನಲ್ಲ. ಆದರೆ ಹರಡುವುದು ಒಬ್ಬರದೇ ಮಿದುಳಿನ ಒಳಗೆ. ನರಕೋಶಗಳ ನಡುವೆ ಸಾಮಾನ್ಯವಾಗಿ ಒಂದು ಸಂದು ಇರುತ್ತದೆ, ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣದು. ಈಚೆಯ ಕೋಶ ರಾಸಾಯನಿಕ ಬಿಡುತ್ತದೆ, ಆಚೆಯದ್ದು ಹಿಡಿಯುತ್ತದೆ. ಅವುಗಳ ಮಾತುಕತೆ ಹೀಗೆ. ಟೌ ಎಂಬ ಪ್ರೋಟೀನು ತಪ್ಪಾಗಿ ಮಡಚಿಕೊಂಡರೆ, ಇಂಥ ಸಂಪರ್ಕದ ದಾರಿಯಲ್ಲೇ ಮುಂದಿನ ಕೋಶಕ್ಕೆ ದಾಟಿ ಅಲ್ಲಿನ ಸರಿಯಿದ್ದ ಟೌವನ್ನೂ ಕೆಡಿಸುತ್ತದೆ ಎನ್ನಲು ಒಳ್ಳೆಯ ಪುರಾವೆಗಳಿವೆ. ಹೊಸ ನೆನಪು ಕೂಡಿಡುವ ಹಿಪೊಕ್ಯಾಂಪಸ್ ಸುತ್ತಮುತ್ತ ಬೇಗ ಪೆಟ್ಟು ಬೀಳುತ್ತದೆ. ಅದಕ್ಕೇ ಅಜ್ಜಿಗೆ ಬೆಳಿಗ್ಗೆ ತಿಂದ ನೀರುದೋಸೆ ಮರೆತಿದೆ, ತವರಿನ ಬಾವಿಕಟ್ಟೆ ನೆನಪಿದೆ.

ಪಾರ್ಕಿನ್ಸನ್ ಕಾಯಿಲೆಯಲ್ಲೂ ಇಂಥದ್ದೇ ಕತೆ, ಪ್ರೋಟೀನು ಮಾತ್ರ ಬೇರೆ.

ಮೆಸೇಜಿನ ಮೂಲ ಬಹುಶಃ 2024ರ ಬ್ರಿಟನ್ ವರದಿ. ಬಾಲ್ಯದಲ್ಲಿ ಮೃತದೇಹದಿಂದ ತೆಗೆದ ಬೆಳವಣಿಗೆ ಹಾರ್ಮೋನಿನ ಚುಚ್ಚುಮದ್ದು ಪಡೆದ ಕೆಲವರಿಗೆ ಆಲ್ಝೈಮರ್ ಬಂದಿರಬಹುದು ಎಂದಿತ್ತು ಅದು. ಆ ಚಿಕಿತ್ಸೆ ಅಲ್ಲಿ 1985ರಲ್ಲೇ ನಿಂತಿದೆ. ಎಂಜಲಿಗೂ ಇದಕ್ಕೂ ಸಂಬಂಧವೇ ಇಲ್ಲ.