ವರವೋ ಶಾಪವೋ ಸಾಕು ಮಾಡಿ

ವಿಜ್ಞಾನ ವರವೋ ಶಾಪವೋ, ಟಿವಿ ವರವೋ ಶಾಪವೋ, ಈಗ ಮೊಬೈಲು ವರವೋ ಶಾಪವೋ. ನಮ್ಮ ಶಾಲೆಗಳ ಚರ್ಚಾಸ್ಪರ್ಧೆಯಲ್ಲಿ ಯಂತ್ರ ಬದಲಾಗುತ್ತದೆ, ಪ್ರಶ್ನೆ ಮಾತ್ರ ಅದೇ. ಉತ್ತರವೂ ಅದೇ: ಎಲ್ಲಾ ಬಳಸುವವರ ಕೈಯಲ್ಲಿದೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಹಾಕಿ ಇಷ್ಟು ಬರೆದರೆ ಮಾರ್ಕ್ಸೂ ಬರುತ್ತದೆ, ಯಾರಿಗೂ ಬೇಜಾರೂ ಆಗುವುದಿಲ್ಲ. ಬೇಜಾರಾಗಬೇಕಿತ್ತು ಅನ್ನುವುದೇ ನನ್ನ ತಕರಾರು.

"ಪರಿಸರ ಉಳಿಸಬೇಕೆ?" ಇದಂತೂ ಇನ್ನೂ ಸಪ್ಪೆ. ವಿರೋಧದ ಪಟ್ಟಿಗೆ ಹೆಸರು ಬಿದ್ದ ಹುಡುಗಿ ಎದ್ದು ನಿಂತು ಏನು ಹೇಳಬೇಕು ಪಾಪ?

ಅದೇ ಪ್ರಶ್ನೆಯನ್ನು ಬಂಡೀಪುರದ ಗೇಟಿಗೆ ತಂದು ನಿಲ್ಲಿಸಿ ನೋಡಿ. ಗುಂಡ್ಲುಪೇಟೆಯಿಂದ ಕಾಡು ಹಾದು ವಯನಾಡಿಗೆ ಹೋಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ಆಂಬುಲೆನ್ಸಿಗೆ, ಒಂದಿಷ್ಟು ಸರ್ಕಾರಿ ಬಸ್ಸಿಗೆ ಮಾತ್ರ ವಿನಾಯಿತಿ. ಇದು ಹೀಗೇ ಇರಬೇಕೆ? ಈಗ ಬಂತು ನೋಡಿ ಮಜಾ. ಹೆಡ್‌ಲೈಟಿಗೆ ಕಣ್ಣು ಕೋರೈಸಿ ರಸ್ತೆ ನಡುವೆ ನಿಂತುಬಿಡುವ ಜಿಂಕೆ ಒಂದು ಕಡೆ. ಎಲ್ಲೋ ಪಂಕ್ಚರ್ ಆಗಿ ಹತ್ತು ನಿಮಿಷ ತಡವಾಗಿ ಬಂದು, ಹಿಂದೆ ಟೊಮೆಟೊ ಹೇರಿಕೊಂಡು, ಗೇಟಿನ ಮುಂದೆ ಬೆಳಗಿನವರೆಗೆ ಕೂರುವ ಲಾರಿ ಡ್ರೈವರ್ ಇನ್ನೊಂದು ಕಡೆ. ಗೋಣಿಕೊಪ್ಪ, ಕುಟ್ಟದ ಮೇಲೆ ಬದಲಿ ದಾರಿ ಇದೆಯಲ್ಲ ಅಂದರೆ, ಆ ಸುತ್ತಿನ ಡೀಸೆಲ್ ನೀವು ಹಾಕಿಸ್ತೀರಾ ಅಂತ ಅವನು ಕೇಳಿಯೇ ಕೇಳುತ್ತಾನೆ. ಬಳಸುವವರ ಕೈಯಲ್ಲಿದೆ ಅಂತ ಜಾರಿಕೊಳ್ಳೋಕೆ ಆಗಲ್ಲ. ಗೇಟು ಒಂದೋ ತೆರೆದಿರಬೇಕು, ಇಲ್ಲಾ ಮುಚ್ಚಿರಬೇಕು.

ಹೂಂ ಅಂದರೆ ಯಾರಿಗೆ ಕಷ್ಟ, ಉಹೂಂ ಅಂದರೆ ಯಾರಿಗೆ? ಪ್ರಶ್ನೆ ಬರೆದ ಮೇಲೆ ನಾನು ನೋಡುವುದು ಇಷ್ಟೇ. ಒಂದು ಕಡೆ ಯಾರೂ ಸಿಗದಿದ್ದರೆ ಆ ಪ್ರಶ್ನೆ ಬಿಟ್ಟುಬಿಡುತ್ತೇನೆ. ಹಾಗಂತ ಜಗಳ ಹತ್ತಿದ್ದೆಲ್ಲಾ ಒಳ್ಳೆ ಪ್ರಶ್ನೆಯೂ ಅಲ್ಲ. ಇಡ್ಲಿಗೆ ಸಾಂಬಾರೋ ಚಟ್ನಿಯೋ ಅಂತ ಬೆಳಗಿನವರೆಗೆ ಕೂಗಾಡಬಹುದು, ಆದರೆ ಆಧಾರ ಎಲ್ಲಿಂದ ತರುತ್ತೀರಿ?

ಬಿಸಿಯೂಟದಲ್ಲಿ ಮೊಟ್ಟೆ ಕೊಡಬೇಕೆ ಅನ್ನುವುದು ಎಲ್ಲಾ ರೀತಿಯಲ್ಲೂ ಗಟ್ಟಿ ಪ್ರಶ್ನೆ. ಪೌಷ್ಟಿಕತೆಯ ಲೆಕ್ಕ ಇದೆ, ನಂಬಿಕೆಯ ಮಾತಿದೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಇದೆ. ಮಕ್ಕಳಿಗೆ ತಟ್ಟೆಯ ಅನುಭವವೇ ಇದೆ, ಪುಸ್ತಕ ಹುಡುಕಬೇಕಿಲ್ಲ. ಆದರೆ ಯಾವ ಹೆಡ್‌ಮಾಸ್ಟರು ಇದನ್ನು ಸ್ಪರ್ಧೆಗೆ ಇಡುತ್ತಾರೆ ಹೇಳಿ, ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯವರು ಮುಂದಿನ ಸಾಲಿನಲ್ಲೇ ಕೂತಿರುತ್ತಾರಲ್ವಾ.