ಬಿಚ್ಚಿ ನೋಡದೆ ಇಂಜಿನ್ ಹೋಯ್ತು ಅನ್ನಬೇಡಿ

ನಿನ್ನೆ ಹಾಸನದ ಒಂದು ಗ್ಯಾರೇಜಿನ ಹಿಂದೆ ಪ್ರೀಮಿಯರ್ ಪದ್ಮಿನಿ ಅನ್ನುವ ಹಳೇ ಕಾರಿನ ಇಂಜಿನ್ ಮಳೆಯಲ್ಲಿ ನೆನೆಯುತ್ತಾ ಬಿದ್ದಿತ್ತು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಕಳಚಿದ ಜಾಗ ಹಾಗೇ ತೆರೆದಿತ್ತು. ಒಂದು ಬಟ್ಟೆ ಚೂರೂ ತುರುಕಿರಲಿಲ್ಲ. ನೀರು ನೇರ ಒಳಗೆ ಇಳಿಯುತ್ತಿತ್ತು. ಕಾರಿಗೆ ಯಾವುದೋ ಹಳೇ ವ್ಯಾನಿನ ಇಂಜಿನ್ ಕೂರಿಸುತ್ತಿದ್ದರು.

ಏನಾಗಿತ್ತು ಅಂತ ಕೇಳಿದೆ. "ಹೀಟ್ ಆಗಿ ನಿಂತೋಯ್ತು ಸಾರ್, ಇಂಜಿನ್ ಹೋಗಿದೆ" ಅಂದರು. ಬಿಚ್ಚಿ ನೋಡಿದ್ರಾ? ಇಲ್ಲ. ಮೇಲಿನ ಕವರಿನ ನಟ್ಟುಗಳ ಜಿಡ್ಡು ಕೂಡ ಕದಲಿರಲಿಲ್ಲ. ಸ್ಪಾನರ್ ತಾಗಿದ್ದರೆ ತಾನೆ!

ನನಗೆ ಮೈ ಉರಿದುಹೋಯಿತು. ಬಿಚ್ಚದೆ ಹೋಗಿದೆ ಅಂತ ಹೇಗೆ ಹೇಳುತ್ತಾರೆ?

ನಮ್ಮ ಅಪ್ಪನದೂ ಇದೇ ಪದ್ಮಿನಿ, ಜನ ಫಿಯೆಟ್ ಅಂತಲೇ ಕರೆಯುವ ಕಾರು. ಅದೂ ಚಾರ್ಮಾಡಿ ಘಾಟಿಯಲ್ಲಿ ಕುದಿದು ನಿಂತಿತ್ತು. ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಕಡ್ಡಿ ಎಳೆದರೆ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು, ಅಂದರೆ ನೀರು ಸೇರಿತ್ತು. ಚಿಕ್ಕಮಗಳೂರಿನಲ್ಲಿ ಕೇಳಿದವರೆಲ್ಲ ಇಂಜಿನ್ ಬದಲಾಯಿಸಿ ಅಂದರು. ಅಪ್ಪ ತೀರಿಕೊಂಡು ಸ್ವಲ್ಪ ಕಾಲವಾಗಿತ್ತು. ಅಪ್ಪ ಇದ್ದಾಗ ಆ ಇಂಜಿನ್ನಿನ ಸದ್ದು ಕೇಳಿದರೆ ಸಾಕು, ನಾವು ಮಕ್ಕಳು ಗೇಟಿಗೆ ಓಡುತ್ತಿದ್ದೆವು. ಆ ಇಂಜಿನ್ ಬಿಟ್ಟುಕೊಡಲು ನನ್ನಿಂದ ಆಗಲೇ ಇಲ್ಲ. ಬಿಚ್ಚಿಸಿದೆ. ರೇಡಿಯೇಟರ್ ಕಟ್ಟಿಕೊಂಡಿತ್ತು, ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು, ಹೆಡ್ ಸ್ವಲ್ಪ ಬಾಗಿತ್ತು. ಅಷ್ಟೇ! ಈ 1089 ಸಿಸಿ ಇಂಜಿನ್ನಿನ ಬ್ಲಾಕ್ ಬೀಡು ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂ. ಜಾಸ್ತಿ ಕಾದರೆ ಮೊದಲು ಬಾಗುವುದು ಹೆಡ್. ಲೇತಿನವರು ಫೇಸಿಂಗ್ ಮಾಡಿ, ಅಂದರೆ ಬಾಗಿದ ಮೈಯನ್ನು ಮಟ್ಟ ಮಾಡಿ ಕೊಟ್ಟರು. ಇವತ್ತಿಗೂ ಅದೇ ಇಂಜಿನ್ ಓಡುತ್ತಿದೆ.

ಬಿಚ್ಚುವ ಮೊದಲೂ ಎಷ್ಟೋ ತಿಳಿಯುತ್ತದೆ. ಇಂಜಿನ್ ತಿರುಗುತ್ತಿದ್ದರೆ ಪ್ಲಗ್ ತೆಗೆದು ಒಂದೊಂದೇ ಸಿಲಿಂಡರಿಗೆ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಿಡಿಯಿರಿ. ಒತ್ತಡ ಕಡಿಮೆ ಇದ್ದರೆ ಆ ಸಿಲಿಂಡರಿನೊಳಗೆ ಸ್ವಲ್ಪ ಆಯಿಲ್ ಹಾಕಿ ಮತ್ತೆ ನೋಡಿ. ಏರಿದರೆ ಪಿಸ್ಟನ್ನಿನ ರಿಂಗು ಇಲ್ಲವೇ ಬೋರು, ಅಂದರೆ ಸಿಲಿಂಡರಿನ ಒಳಮೈ, ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಅಕ್ಕಪಕ್ಕದ ಎರಡೂ ಸಿಲಿಂಡರ್ ಕಡಿಮೆ ತೋರಿಸಿದರೆ ನಡುವೆ ಗ್ಯಾಸ್ಕೆಟ್ ಹೋಗಿರುವುದೇ ಹೆಚ್ಚು. ಬೋರ್ ಸವೆದಿದ್ದರೆ ಬೋರಿಂಗ್ ಮಾಡಿಸಿ, ಅಂದರೆ ಒಳಮೈ ಕೊರೆಸಿ, ಸ್ವಲ್ಪ ದೊಡ್ಡ ಓವರ್‌ಸೈಜ್ ಪಿಸ್ಟನ್ ಹಾಕಬಹುದು. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟಿಗೆ ಗೆರೆ ಬಿದ್ದಿದ್ದರೆ ಗ್ರೈಂಡಿಂಗ್ ಇದೆ. ಬ್ಲಾಕ್ ಸೀಳಿದ್ದರೆ ಕಷ್ಟ, ಒಪ್ಪುತ್ತೇನೆ. ಆದರೆ ಸೀಳಿದೆ ಅಂತ ತಿಳಿಯುವುದಕ್ಕೂ ಬಿಚ್ಚಲೇಬೇಕು ಅಲ್ವಾ?

"ಪಾರ್ಟ್ಸ್ ಎಲ್ಲಿ ಸಿಗುತ್ತೆ, ಖರ್ಚು ಜಾಸ್ತಿ" ಅನ್ನುತ್ತಾರೆ. ಪದ್ಮಿನಿ ತಯಾರಿಕೆ ನಿಂತು ಇಪ್ಪತ್ತು ವರ್ಷದ ಮೇಲಾಯಿತು, ನಿಜ. ಹುಡುಕಬೇಕು. ಬೆಂಗಳೂರಿನ ಜೆ.ಸಿ. ರಸ್ತೆ ಅಲೆಯಬೇಕು. ಆದರೆ ಬೇರೆ ಇಂಜಿನ್ ಹಾಕುವುದೇನು ಬಿಟ್ಟಿಯೇ? ಮೌಂಟಿಂಗ್ ಕತ್ತರಿಸಿ ವೆಲ್ಡಿಂಗ್ ಮಾಡಬೇಕು. ಗೇರ್‌ಬಾಕ್ಸ್ ಹೊಂದಿಸಬೇಕು, ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಅಳತೆ ಬದಲಿಸಬೇಕು. ಸ್ಟೀರಿಂಗ್ ಪಕ್ಕದ ಗೇರ್ ಲಿವರಿಗೂ ಕುತ್ತು. ಒಮ್ಮೆ ಕತ್ತರಿಸಿದ ಮೇಲೆ ಮೊದಲಿನಂತೆ ಮಾಡುವುದು ಸುಲಭವಲ್ಲ. ಆರ್‌ಸಿಯಲ್ಲಿ ಇರುವುದು ಹಳೇ ಇಂಜಿನ್ ನಂಬರ್. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಇಂಥ ಬದಲಾವಣೆಯನ್ನು ಆರ್‌ಟಿಒದಲ್ಲಿ ದಾಖಲು ಮಾಡಿಸಬೇಕು. ಇದನ್ನು ಎಷ್ಟು ಗ್ಯಾರೇಜಿನವರು ಗಿರಾಕಿಗೆ ಮೊದಲೇ ಹೇಳುತ್ತಾರೆ?

ಹಾಸನ, ಚಿಕ್ಕಮಗಳೂರು ಕಡೆ ಯಾರ ಮನೆಯಲ್ಲಾದರೂ ಫಿಯೆಟ್ ನಿಂತಿದ್ದರೆ ಇಂಜಿನ್ ಇಳಿಸುವ ಮೊದಲು ನನಗೆ ಒಂದು ಮೆಸೇಜ್ ಹಾಕಿ. ಗೇಜ್ ನನ್ನ ಹತ್ತಿರ ಇದೆ, ಭಾನುವಾರ ಬಿಡುವಿರುತ್ತದೆ. ಬಂದು ನೋಡುತ್ತೇನೆ, ದುಡ್ಡು ಬೇಡ.