‘ಕಡತ ಸ್ಥಳದಲ್ಲಿಲ್ಲ’

ಈ ವಾರ ಪತ್ರಾಗಾರದಲ್ಲಿ ನನ್ನ ಸಂಶೋಧನೆಗೆ ಬೇಕಾದ ಹಳೆಯ ಕಡತಗಳಿಗಾಗಿ ನಾನು ಬರೆದುಕೊಟ್ಟ 11 ಬೇಡಿಕೆ ಚೀಟಿಗಳಲ್ಲಿ 7 ಚೀಟಿಗಳು ‘ಸ್ಥಳದಲ್ಲಿಲ್ಲ’ ಎಂಬ ಒಂದೇ ಷರಾ ಹೊತ್ತು ಹಿಂತಿರುಗಿವೆ. ಕಡತ ನಾಶವಾಗಿದೆಯೇ, ದುರಸ್ತಿಗೆ ಹೋಗಿದೆಯೇ ಅಥವಾ ಯಾರೋ ಓದಿ ಮರಳಿಸಿದ ಮೇಲೆ ಬೇರೆ ಕಟ್ಟಿನೊಳಗೆ ಸೇರಿಕೊಂಡಿದೆಯೇ ಎಂದು ವಿಚಾರಿಸಿದರೆ, ಸಿಗುವ ಉತ್ತರವೂ ಅದೇ ಷರಾ. ಗ್ರಂಥಾಲಯದಲ್ಲಾದರೆ ಅಕ್ಕಪಕ್ಕದ ಕಪಾಟುಗಳಲ್ಲಿ ಕಣ್ಣಾಡಿಸಿ ದಾರಿ ತಪ್ಪಿದ ಪುಸ್ತಕವನ್ನು ಹುಡುಕಿಕೊಳ್ಳಬಹುದು. ಇಲ್ಲಿ ಕಡತಗಳಿರುವ ಕೋಣೆಗೆ ಓದುಗರಿಗೆ ಪ್ರವೇಶವೇ ಇಲ್ಲದಿರುವುದರಿಂದ, ಒಮ್ಮೆ ತಪ್ಪು ಕಟ್ಟಿಗೆ ಸೇರಿದ ಕಾಗದವೂ ಸುಟ್ಟುಹೋದ ಕಾಗದವೂ ನಮ್ಮ ಪಾಲಿಗೆ ಒಂದೇ.

ನಿಯಮಗಳ ಬಗ್ಗೆ ನನ್ನ ತಕರಾರಿಲ್ಲ. ಪೆನ್ನನ್ನು ಹೊರಗಿಟ್ಟು ಪೆನ್ಸಿಲಿನಲ್ಲೇ ಬರೆದುಕೊಳ್ಳುತ್ತೇನೆ. ಕಬ್ಬಿಣಾಂಶವಿದ್ದ ಹಳೆಯ ಮಸಿಯು ಅಕ್ಷರವಿದ್ದ ಜಾಗದಲ್ಲೇ ಹಾಳೆಯನ್ನು ತಿಂದು ತೂತು ಮಾಡಿರುವುದನ್ನು ಕಂಡಿದ್ದೇನೆ. ಅಂಥದ್ದನ್ನು ಮುಟ್ಟಗೊಡದಿದ್ದರೆ ಬೇಸರವಿಲ್ಲ.

ಸಿಟ್ಟು ಬರುವುದು ಯಾವ ಕಟ್ಟಿನಲ್ಲಿ ಏನಿದೆಯೆಂದು ಹೇಳಬೇಕಾದ ಸೂಚಿಯನ್ನು ತೆರೆದಾಗ. ಒಂದು ಕಚೇರಿಯ ಕಾಗದಪತ್ರಗಳನ್ನು ಬೇರೆ ಕಚೇರಿಯವುಗಳೊಡನೆ ಬೆರೆಸದೆ ಒಟ್ಟಿಗೇ ಇಡಬೇಕೆಂದು ಫ್ರಾನ್ಸ್ 1841ರಲ್ಲೇ ಸುತ್ತೋಲೆ ಹೊರಡಿಸಿತ್ತು. ಆ ಕಚೇರಿಯ ಮೂಲ ಕ್ರಮವೇ ಜೋಡಣೆಗೆ ಆಧಾರವಾಗಬೇಕೆಂದು ಮೂವರು ಡಚ್ ತಜ್ಞರ 1898ರ ಕೈಪಿಡಿ ವಿಧಿಸಿತು. ತತ್ತ್ವ ಸರಿಯಾದದ್ದೇ. ಆದರೆ ಹಾಗೆ ಜೋಡಿಸಿದ ಮೇಲೆ, ಬರಗಾಲದ ಬಗ್ಗೆ ಹುಡುಕುವವರು ‘ಬರಗಾಲ’ ಎಂಬ ಪದವನ್ನು ನೆಚ್ಚಿಕೊಳ್ಳುವಂತಿಲ್ಲ; ಯಾವ ಇಲಾಖೆ ಯಾವ ವರ್ಷ ಯಾರಿಗೆ ಬರೆದಿತ್ತೆಂಬುದು ಮೊದಲೇ ಗೊತ್ತಿರಬೇಕು. ಅದನ್ನು ತಿಳಿಯಲೆಂದೇ ಅಲ್ಲವೇ ನಾನು ಬಂದಿರುವುದು? ಆ ಕೊರತೆಯನ್ನು ತುಂಬಬೇಕಾದ ಸೂಚಿಯಲ್ಲಿರುವುದು ‘ಇತರೆ ಪತ್ರವ್ಯವಹಾರ, 1 ಕಟ್ಟು’ ಎಂಬ ಒಂದೇ ಸಾಲು. ಆ ‘ಇತರೆ’ಯೊಳಗೆ ನನ್ನ ಇಡೀ ಅಧ್ಯಾಯ ಅಡಗಿರಬಹುದು, ಬರೀ ರಜೆ ಅರ್ಜಿಗಳೂ ಇರಬಹುದು.

ಇತ್ತ ಮಾರ್ಗದರ್ಶಕರು ಪ್ರಗತಿ ವರದಿ ಕೇಳಿದ್ದಾರೆ. ಬಾರದ ಕಡತಕ್ಕಾಗಿ ಕಾದು ಕುಳಿತ ದಿನಗಳನ್ನು ಆ ನಮೂನೆಯ ಯಾವ ಅಂಕಣದಲ್ಲಿ ತುಂಬಲಿ? ನನಗೆ ಸಿಗದ ಕಡತಗಳಲ್ಲೊಂದರ ಸಂಖ್ಯೆ ಹಿರಿಯ ಸಂಶೋಧಕರೊಬ್ಬರ ಅಡಿಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಅಚ್ಚಾಗಿದೆ. ಅಂದರೆ ಅವರು ಅದನ್ನು ಕಂಡಿದ್ದಾರೆ, ನಾಳೆ ನನ್ನ ಪ್ರಬಂಧದ ಪರೀಕ್ಷಕರು ನಾನೇಕೆ ಕಾಣಲಿಲ್ಲವೆಂದು ಕೇಳಿಯೇ ಕೇಳುತ್ತಾರೆ. ಆ ಕಡತ ಕಡೆಯ ಬಾರಿ ಯಾವಾಗ ಹೊರಬಂದಿತ್ತೆಂಬ ವಿತರಣಾ ವಹಿಯನ್ನಾದರೂ ತೋರಿಸಿ ಎಂದು ನಿನ್ನೆ ವಿನಂತಿಸಿಕೊಂಡೆ. ಆ ವಹಿಯೂ ಸ್ಥಳದಲ್ಲಿಲ್ಲವಂತೆ.